ಮನೆಯಲ್ಲೇ ಆಲಿವ್ ಟಾಪನಾಡ್: ಯಾವ ಆಲಿವ್, ಎಷ್ಟು ಕೇಪರ್ಸ್, ಮಿಕ್ಸಿ ಬೇಕಾ?

ಬೆಳ್ಳಿತಟ್ಟೆ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ನಮ್ಮ ಮನೆಗೆ ಎಂಟು ಜನ ಊಟಕ್ಕೆ ಬರುತ್ತಿದ್ದಾರೆ. ಊಟಕ್ಕೆ ಕೂರುವ ಮೊದಲು ಮಾತಾಡುತ್ತಾ ತಿನ್ನುವಂಥ ಏನಾದರೂ ಇಡಬೇಕು. ಆಲಿವ್ ಟಾಪನಾಡ್ ಮಾಡೋಣ ಅಂದುಕೊಂಡಿದ್ದೇನೆ, ಅಂದರೆ ಆಲಿವ್ ಮತ್ತು ಕೇಪರ್ಸ್ (ಒಂದು ಗಿಡದ ಉಪ್ಪಿನಲ್ಲಿಟ್ಟ ಮೊಗ್ಗು) ಜಜ್ಜಿ ಬ್ರೆಡ್‌ಗೆ ಹಚ್ಚಿಕೊಳ್ಳುವ ಫ್ರಾನ್ಸಿನ ತಿನಿಸು. ಒಲೆ ಹಚ್ಚುವ ಕೆಲಸ ಇಲ್ಲ, ಹಿಂದಿನ ದಿನವೇ ಮಾಡಿಡಬಹುದು. ಅದಕ್ಕೇ ಇಷ್ಟವಾಯಿತು.

ಕೆಲವು ಸಂಶಯಗಳಿವೆ. ಡಬ್ಬಿಯಲ್ಲಿ ಬರುವ ಬೀಜ ತೆಗೆದ ಕಪ್ಪು ಆಲಿವ್ ಸಾಕಾ? ಬರುವವರಲ್ಲಿ ಇಬ್ಬರು ಮೀನು ತಿನ್ನುವುದಿಲ್ಲ, ಅದಕ್ಕೆ ಹಾಕುವ ಆಂಚೊವಿ ಅನ್ನುವ ಉಪ್ಪಿನಲ್ಲಿಟ್ಟ ಸಣ್ಣ ಮೀನು ಬಿಟ್ಟರೆ ರುಚಿ ಸಪ್ಪೆಯಾಗುತ್ತಾ? ಮಿಕ್ಸಿಗೆ ಹಾಕಿದರೆ ಕಹಿ ಬರುತ್ತದೆ ಅಂತ ಕೇಳಿದ್ದೇನೆ, ಅದು ನಿಜವಾ? ಮಾಡಿ ಅಭ್ಯಾಸ ಇರುವವರು ದಯವಿಟ್ಟು ಹೇಳಿ.

ಕುಟ್ಟಾಣಿ

ಮೊದಲು ಆಲಿವ್ ವಿಷಯ ಮಾತಾಡೋಣ. ಟಾಪನಾಡ್‌ನಲ್ಲಿ ಬೇಯಿಸುವುದು ಇಲ್ಲ, ಒಗ್ಗರಣೆ ಇಲ್ಲ. ತಂದ ಆಲಿವ್ ಹೇಗಿದೆಯೋ ತಟ್ಟೆಯಲ್ಲಿ ಸಿಗುವುದೂ ಹಾಗೇ. ಆದ್ದರಿಂದ ಅರ್ಧ ಕೆಲಸ ಅಂಗಡಿಯಲ್ಲೇ ಮುಗಿಯುತ್ತದೆ.

ಡಬ್ಬಿಯ ಕಪ್ಪು ಆಲಿವ್ ಬೇಡ ಅಂತ ನನ್ನ ಸಲಹೆ. ಕಾರಣ ಇದೆ. ಒಂದೇ ಸಮ ಕಪ್ಪಗೆ, ನುಣ್ಣಗೆ ಹೊಳೆಯುವ ಆ ಆಲಿವ್‌ಗಳು ಮರದಲ್ಲಿ ಹಣ್ಣಾಗಿ ಕಪ್ಪಾದವಲ್ಲ. ಹಣ್ಣಾಗುವ ಮೊದಲೇ ಕಿತ್ತು, ಕ್ಷಾರದ ನೀರಿನಲ್ಲಿ ನೆನೆಸಿ ಕಹಿ ತೆಗೆಯುತ್ತಾರೆ. ಆಮೇಲೆ ಗಾಳಿ ಹಾಯಿಸಿ ಕಪ್ಪು ಮಾಡುತ್ತಾರೆ. ಬಣ್ಣ ನಿಲ್ಲಲು ಫೆರಸ್ ಗ್ಲುಕೋನೇಟ್ ಅನ್ನುವ ಕಬ್ಬಿಣದ ಲವಣ ಸೇರಿಸುತ್ತಾರೆ. ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಆ ಹೆಸರು ಕಂಡರೆ ಇದೇ ಜಾತಿಯದು ಅಂತ ತಿಳಿದುಕೊಳ್ಳಿ. ಹುಳಿಯುವ ಹಂತವೇ ಇಲ್ಲದ್ದರಿಂದ ಅದರಲ್ಲಿ ಹುಳಿಯೂ ಇಲ್ಲ, ಹಣ್ಣಿನ ಘಮವೂ ಇಲ್ಲ. ಪಿಜ್ಜಾ ಮೇಲೆ ಬಣ್ಣಕ್ಕೆ ಸರಿ. ಆಲಿವ್ ಒಂದೇ ನಾಯಕನಾಗಿರುವ ತಿನಿಸಿಗೆ ಸಾಲದು.

ಬೇಕಾದದ್ದು ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಇದ್ದು ಹದವಾದ ಆಲಿವ್. ಹಸಿ ಆಲಿವ್ ಬಾಯಿಗಿಡಲಾಗದಷ್ಟು ಕಹಿ. ಓಲ್ಯುರೋಪಿನ್ ಅನ್ನುವ ಅಂಶ ಅದಕ್ಕೆ ಕಾರಣ. ಉಪ್ಪುನೀರಿನಲ್ಲಿ ಅದು ನಿಧಾನವಾಗಿ ಇಳಿಯುತ್ತದೆ, ಜೊತೆಗೆ ಹುಳಿಯೂ ಹುಟ್ಟುತ್ತದೆ. ಟಾಪನಾಡ್ ಹುಟ್ಟಿದ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ನಿಯೋನ್ಸ್ ಊರಿನ ಕಪ್ಪು ಆಲಿವ್‌ಗೆ ಬಹಳ ಮರ್ಯಾದೆ. ಟಾಂಶ್ ಅನ್ನುವ ತಳಿ ಅದು. ಮೈ ಸ್ವಲ್ಪ ಸುಕ್ಕು, ಕಂದು ಮಿಶ್ರಿತ ಕಪ್ಪು. 1994ರಲ್ಲಿ ಅದಕ್ಕೆ ಫ್ರಾನ್ಸಿನ ಮೂಲಸ್ಥಾನದ ಮಾನ್ಯತೆ ಸಿಕ್ಕಿತು. ನೀಸ್ ಕಡೆಯ ಕೈಲೆತಿಯೇ ತಳಿಯೂ ಚೆನ್ನ, ಆದರೆ ಕಾಯಿ ತುಂಬ ಚಿಕ್ಕದು, ಬೀಜ ತೆಗೆಯುವಷ್ಟರಲ್ಲಿ ಕೈ ಸೋಲುತ್ತದೆ.

ಇವು ಸಿಗದಿದ್ದರೆ ಗ್ರೀಸಿನ ಕಲಮಾಟ ತನ್ನಿ. ಹೆಚ್ಚಿನ ಕಡೆ ಸಿಗುತ್ತದೆ. ನೇರಳೆ ಬಣ್ಣ, ವಿನೆಗರ್‌ನ ಹುಳಿ ಸ್ವಲ್ಪ ಜಾಸ್ತಿ. ಅದನ್ನು ಬಳಸಿದರೆ ನಿಂಬೆರಸ ಅರ್ಧಕ್ಕೆ ಇಳಿಸಿ.

ಹಸಿರೆಲೆ

ಕುಟ್ಟಾಣಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೀಜ ಇರುವ ಆಲಿವ್ ತಂದು ಮನೆಯಲ್ಲಿ ಬೀಜ ತೆಗೆಯಿರಿ. ಬೀಜ ತೆಗೆದು ಮಾರುವ ಕಾಯಿಯ ಹೊಟ್ಟೆಯೊಳಗೆ ಉಪ್ಪುನೀರು ತುಂಬಿಕೊಂಡಿರುತ್ತದೆ. ತಿರುಳು ಮೆತ್ತಗಾಗಿ ರುಚಿ ನೀರಿಗೆ ಹೋಗಿರುತ್ತದೆ. ಒಂದೇ ಜಾತಿಯ ಎರಡು ಬಾಟಲಿ ಪಕ್ಕಪಕ್ಕ ಇಟ್ಟು ತಿಂದು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ತೆಗೆಯುವುದು ಸುಲಭ. ನಾಲ್ಕೈದು ಕಾಯಿ ಮಣೆಯ ಮೇಲಿಡಿ, ಅಗಲ ಚಾಕುವನ್ನು ಮಲಗಿಸಿ ಅಂಗೈಯಿಂದ ಒಮ್ಮೆ ಒತ್ತಿ. ಸೀಳಿಕೊಂಡು ಬೀಜ ಈಚೆ ಬರುತ್ತದೆ. ಬೀಜದ ಸಮೇತ 250 ಗ್ರಾಂ ತಂದರೆ ಸುಮಾರು 200 ಗ್ರಾಂ ತಿರುಳು ಸಿಗುತ್ತದೆ. ಕಾಯಿ ಚಿಕ್ಕದಿದ್ದಷ್ಟೂ ಬೀಜದ ಪಾಲು ಜಾಸ್ತಿ, ಆಗ ಇನ್ನೊಂದು ಹಿಡಿ ಹೆಚ್ಚಿಗೆ ತನ್ನಿ.

ಬೆಳ್ಳಿತಟ್ಟೆ

ತುಂಬ ಉಪಯೋಗವಾಯಿತು, ಇಬ್ಬರಿಗೂ ಧನ್ಯವಾದ. ಬೀಜ ತೆಗೆದದ್ದೇ ಸಿಕ್ಕಿದರೆ ಏನು ಮಾಡಲಿ?

ಹಸಿರೆಲೆ

ಸೋಸಿ, ಬಟ್ಟೆಯ ಮೇಲೆ ಹರಡಿ ಹತ್ತು ನಿಮಿಷ ಬಿಡಿ. ಆಮೇಲೆ ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡಿ. ಯಂತ್ರ ಅಲ್ಲೊಂದು ಇಲ್ಲೊಂದು ಬೀಜದ ಚೂರು ಬಿಟ್ಟಿರುತ್ತದೆ. ಅತಿಥಿಯ ಹಲ್ಲಿಗೆ ಸಿಗಬಾರದು.

ಮೆಣಸುಕಾಳು

ನನ್ನ ಅಳತೆ ಕೊಡುತ್ತೇನೆ. ಬೀಜ ತೆಗೆದ ಕಪ್ಪು ಆಲಿವ್ 200 ಗ್ರಾಂ, ಕೇಪರ್ಸ್ ಎರಡು ದೊಡ್ಡ ಚಮಚ, ಆಂಚೊವಿ ನಾಲ್ಕು ಎಳೆ, ಬೆಳ್ಳುಳ್ಳಿ ಒಂದು ಚಿಕ್ಕ ಎಸಳು, ಆಲಿವ್ ಎಣ್ಣೆ ಮೂರರಿಂದ ನಾಲ್ಕು ದೊಡ್ಡ ಚಮಚ, ನಿಂಬೆರಸ ಒಂದು ಟೀ ಚಮಚ, ಥೈಮ್ ಎಲೆ ಅರ್ಧ ಟೀ ಚಮಚ, ಕುಟ್ಟಿದ ಕರಿಮೆಣಸು. ಉಪ್ಪು ಹಾಕಲೇಬೇಡಿ.

ಒಂದು ಬ್ರೆಡ್ ಚೂರಿಗೆ ತುಂಬಿದ ಒಂದು ಟೀ ಚಮಚ, ಅಂದರೆ ಹತ್ತು ಗ್ರಾಂ ಹಿಡಿಯುತ್ತದೆ. ಎಂಟು ಜನ ತಲಾ ಮೂರು ತಿಂದರೂ ಈ ಅಳತೆ ಸಾಕು. ಮುಂದೆ ಊಟ ಇದೆ ಅಲ್ವಾ, ಇದಕ್ಕಿಂತ ಜಾಸ್ತಿ ಬೇಡ.

ಹಳೇಪಾಕ

ಮೆಣಸುಕಾಳು ಅವರೇ, ಎರಡು ಚಮಚ ಕೇಪರ್ಸ್ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಈಗ ಎಲ್ಲ ಕಡೆ ಕಾಣುವ ಅಳತೆ ಅದೇ, ಗೊತ್ತು. ಆದರೆ ಟಾಪನಾಡ್ ಶುರುವಾದದ್ದು ಹಾಗಲ್ಲ.

1880ರ ಸುಮಾರಿಗೆ ಮಾರ್ಸೇ ನಗರದ ಮೇಝೋನ್ ದೊರೇ ಅನ್ನುವ ರೆಸ್ಟೋರೆಂಟಿನಲ್ಲಿ ಮೆನಿಯೇ ಅನ್ನುವ ಬಾಣಸಿಗ ಇದನ್ನು ಮಾಡಿದರು ಅಂತ ಪ್ರೊವಾನ್ಸಿನ ಅಡುಗೆಯ ಇತಿಹಾಸದಲ್ಲಿ ಹೇಳುತ್ತಾರೆ. ಆ ಹಳೆಯ ಪಾಕದಲ್ಲಿ 200 ಗ್ರಾಂ ಕಪ್ಪು ಆಲಿವ್‌ಗೆ 200 ಗ್ರಾಂ ಕೇಪರ್ಸ್! ಸಮಸಮ. ಜೊತೆಗೆ 100 ಗ್ರಾಂ ಆಂಚೊವಿ, 100 ಗ್ರಾಂ ಎಣ್ಣೆಯಲ್ಲಿಟ್ಟ ಟ್ಯೂನಾ ಮೀನು, ಒಂದು ಚಮಚ ಸಾಸಿವೆ ಪೇಸ್ಟ್, ಮೇಲೆ ಕೊನ್ಯಾಕ್ ಅನ್ನುವ ಬ್ರಾಂಡಿ. ಅದನ್ನು ಬೇಯಿಸಿದ ಮೊಟ್ಟೆಯ ಹಳದಿಯ ಜೊತೆ ಕಲಸಿ, ಮೊಟ್ಟೆಯ ಬಿಳಿ ಭಾಗಕ್ಕೆ ತುಂಬಿ ಬಡಿಸುತ್ತಿದ್ದರು. ಬ್ರೆಡ್ ಮೇಲೆ ಹಚ್ಚುವುದು ಆಮೇಲೆ ಗಟ್ಟಿಯಾದ ರೂಢಿ.

ಹಾಗೇ ಮಾಡಿ ಅಂತ ನಾನು ಹೇಳುತ್ತಿಲ್ಲ. ಅಷ್ಟು ಕೇಪರ್ಸ್ ಮೊಟ್ಟೆಯ ಹಳದಿಯ ಜೊತೆಗೇ ಸರಿಹೋಗುವುದು. ಆದರೆ ಎರಡು ಚಮಚಕ್ಕೆ ಇಳಿಸಿದರೆ ಅದು ಬರೀ ಆಲಿವ್ ಪೇಸ್ಟ್. ಕೇಪರ್ಸ್‌ನ ಹೂವಿನಂಥ ಖಾರ ನಾಲಿಗೆಗೆ ಸಿಗಲೇಬೇಕು. 200 ಗ್ರಾಂ ಆಲಿವ್‌ಗೆ 60 ಗ್ರಾಂ ಹಾಕಿ ನೋಡಿ. ನನ್ನ ಮಟ್ಟಿಗೆ ಅದೇ ಸರಿಯಾದ ಜಾಗ.

ಮೆಣಸುಕಾಳು

60 ಗ್ರಾಂ ಹಾಕಿದರೆ ಉಪ್ಪು ಏನಾಗಬೇಕು? ಆಲಿವ್ ಉಪ್ಪು, ಆಂಚೊವಿ ಉಪ್ಪು, ಕೇಪರ್ಸ್ ಉಪ್ಪು. ತಿಂದವರು ಊಟದುದ್ದಕ್ಕೂ ನೀರು ಕುಡಿಯಬೇಕಾಗುತ್ತದೆ.

ಹಳೇಪಾಕ

ನೀವು ಹೇಳುವುದು ಸರಿ. ಅದಕ್ಕೇ ನೆನೆಸಬೇಕು. ಈ ತಿನಿಸಿನಲ್ಲಿ ನಿಜವಾದ ಕೈಚಳಕ ಅಂತ ಇದ್ದರೆ ಅದು ಉಪ್ಪು ಇಳಿಸುವುದರಲ್ಲಿದೆ.

ಕೇಪರ್ಸ್ ಅಂದರೆ ಒಂದು ಮುಳ್ಳುಗಿಡದ ಹೂವಿನ ಮೊಗ್ಗು. ಅರಳುವ ಮೊದಲೇ ಕೈಯಲ್ಲಿ ಬಿಡಿಸುತ್ತಾರೆ. ಚಿಕ್ಕದಿದ್ದಷ್ಟೂ ಗಟ್ಟಿ ಮತ್ತು ನವಿರು, ದೊಡ್ಡದಾದಷ್ಟೂ ಮೆತ್ತಗೆ ಮತ್ತು ಒರಟು. ಬಾಟಲಿಯ ಮೇಲೆ ನಾನ್‌ಪರೇ ಅಂತಿದ್ದರೆ ಅದು ಎಲ್ಲಕ್ಕಿಂತ ಚಿಕ್ಕದು. ಉದ್ದ ತೊಟ್ಟಿನ, ದ್ರಾಕ್ಷಿ ಗಾತ್ರದ ಕೇಪರ್ ಬೆರಿ ಬೇರೆ. ಅದು ಕಾಯಿ, ಒಳಗೆ ಬೀಜ ಇರುತ್ತದೆ. ಅದನ್ನು ಇದಕ್ಕೆ ಬಳಸಬೇಡಿ.

ಎರಡು ಥರ ಮಾರುತ್ತಾರೆ. ವಿನೆಗರ್ ನೀರಿನಲ್ಲಿರುವುದಕ್ಕೆ ಜರಡಿಯಲ್ಲಿ ಹಾಕಿ ನೀರು ಬಿಟ್ಟರೆ ಸಾಕು. ಒಣ ಉಪ್ಪಿನಲ್ಲಿರುವುದಕ್ಕೆ ಘಮ ಜಾಸ್ತಿ, ನನಗೆ ಅದೇ ಇಷ್ಟ. ಅದನ್ನು ತೊಳೆದು, ಹದಿನೈದು ಇಪ್ಪತ್ತು ನಿಮಿಷ ತಣ್ಣೀರಲ್ಲಿ ನೆನೆಸಿ, ನೀರು ಬದಲಿಸಿ ಇನ್ನೊಮ್ಮೆ ನೆನೆಸಿ. ಒಂದು ಬಾಯಿಗೆ ಹಾಕಿಕೊಂಡು ನೋಡಿ. ಉಪ್ಪಿಗಿಂತ ಮೊದಲು ಹೂವಿನ ವಾಸನೆ ಸಿಕ್ಕಿದರೆ ಹದ ಬಂದಿದೆ. ಆಮೇಲೆ ಹಿಂಡಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ. ನೀರು ಉಳಿದರೆ ಟಾಪನಾಡ್ ನೀರಾಗುತ್ತದೆ.

ಆಲಿವ್ ಕೂಡ ತಿಂದು ನೋಡಿ. ಉಪ್ಪು ಜಾಸ್ತಿ ಅನ್ನಿಸಿದರೆ ಅರ್ಧ ಗಂಟೆ ನೀರಲ್ಲಿ ಬಿಡಿ. ಒಣ ಉಪ್ಪಿನಲ್ಲಿ ಹದ ಮಾಡಿದ ಸುಕ್ಕು ಸುಕ್ಕಾದ ಆಲಿವ್ ಬರುತ್ತದಲ್ಲ, ಅದಕ್ಕಂತೂ ಉಗುರುಬೆಚ್ಚನೆ ನೀರೇ ಬೇಕು.

ಮೆಣಸುಕಾಳು

ಸರಿ, ಹೀಗೆ ನೆನೆಸಿದರೆ 60 ಗ್ರಾಂ ಒಪ್ಪುತ್ತೇನೆ. ಬಾಟಲಿಯಿಂದ ನೇರ ಸುರಿಯುವವರಿಗೆ ಎರಡು ಚಮಚವೇ ಸರಿ.

ನಡುಮನೆ

ಆಂಚೊವಿ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಾನು ಮೀನು ತಿನ್ನುವುದಿಲ್ಲ, ಟಾಪನಾಡ್ ಮಾತ್ರ ಬಿಡುವುದಿಲ್ಲ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಆಂಚೊವಿ ಹಾಕುವುದು ಮೀನಿನ ವಾಸನೆಗಲ್ಲ. ಉಪ್ಪಿನಲ್ಲಿ ತಿಂಗಳುಗಟ್ಟಲೆ ಇದ್ದ ಆ ಮೀನಿನಲ್ಲಿ ಗ್ಲುಟಮೇಟ್ ಮತ್ತು ಇನೋಸಿನೇಟ್ ಅನ್ನುವ ರುಚಿಯ ಅಂಶಗಳು ಎರಡೂ ತುಂಬಿರುತ್ತವೆ. ಎರಡೂ ಒಟ್ಟಿಗೆ ಬಂದಾಗ ಬಾಯಿ ತುಂಬುವ ಒಂದು ಆಳದ ರುಚಿ ಬರುತ್ತದೆ. ಸುಮ್ನೆ ಆಂಚೊವಿ ಬಿಟ್ಟುಬಿಟ್ಟರೆ ಆ ಆಳ ಹೋಗುತ್ತದೆ, ಉಪ್ಪು ಹುಳಿ ಮಾತ್ರ ಉಳಿಯುತ್ತದೆ. ಆ ಆಳವನ್ನು ಬೇರೆ ಕಡೆಯಿಂದ ತರಬೇಕು.

ನಾನು ಮಾಡುವುದು ಹೀಗೆ. ಎಣ್ಣೆಯಲ್ಲಿಟ್ಟ ಒಣ ಟೊಮೆಟೊ ಎರಡು ತುಂಡು, ತುಂಬ ಸಣ್ಣಗೆ ಕತ್ತರಿಸಿ. ಅದರಲ್ಲಿ ಗ್ಲುಟಮೇಟ್ ಇದೆ. ಒಣ ಶಿಟಾಕೆ ಅಣಬೆಯ ಪುಡಿ ಕಾಲು ಟೀ ಚಮಚ. ಅದರಲ್ಲಿ ಗ್ವಾನಿಲೇಟ್ ಇದೆ, ಇನೋಸಿನೇಟ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಎರಡೂ ಸೇರಿದರೆ ಆಂಚೊವಿಯ ಜಾಗ ತುಂಬುತ್ತದೆ. ಅಣಬೆ ಪುಡಿ ಇಲ್ಲದಿದ್ದರೆ ಬಿಳಿ ಮಿಸೋ (ಹುದುಗಿಸಿದ ಸೋಯಾ ಪೇಸ್ಟ್) ಒಂದು ಟೀ ಚಮಚ. ಟೊಮೆಟೊ ಮಾತ್ರ ಎರಡು ತುಂಡು ದಾಟಬಾರದು. ದಾಟಿದರೆ ಅದು ಟೊಮೆಟೊ ಪೇಸ್ಟ್ ಆಗುತ್ತದೆ, ಬಣ್ಣವೂ ಕೆಂಪಾಗುತ್ತದೆ.

ಬೆಳ್ಳಿತಟ್ಟೆಯವರೇ, ನಿಮಗೆ ಒಂದು ಮುಖ್ಯ ಮಾತು. ಮೀನು ತಿನ್ನದವರ ಪಾಲನ್ನು ಮೊದಲು ಮಾಡಿ ತೆಗೆದಿಡಿ, ಆಮೇಲೆ ಉಳಿದದ್ದಕ್ಕೆ ಆಂಚೊವಿ ಸೇರಿಸಿ. ಬೇರೆ ಬಟ್ಟಲು, ಬೇರೆ ಚಮಚ. ಆಲಿವ್ ಬಾಟಲಿಯ ಪಟ್ಟಿಯನ್ನೂ ಓದಿ, ಆಂಚೊವಿ ತುಂಬಿದ ಹಸಿರು ಆಲಿವ್ ಮಾರುತ್ತಾರೆ. ಆಂಚೊವಿ ಬದಲು ವೂಸ್ಟರ್ ಸಾಸ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಮೂಲ ಸಾಸ್‌ನಲ್ಲಿ ಆಂಚೊವಿ ಇದೆ. ನಂಬಿ ತಿನ್ನುವವರಿಗೆ ನಾವು ಹೇಳುವುದು ಸತ್ಯ ಆಗಿರಬೇಕು.

ಬೆಳ್ಳಿತಟ್ಟೆ

ಇದನ್ನೇ ಕಾಯುತ್ತಿದ್ದೆ. ಎರಡು ಬಟ್ಟಲು ಮಾಡುತ್ತೇನೆ. ಕಹಿ ವಿಷಯ?

ಕುಟ್ಟಾಣಿ

ನಿಜ, ಬರುತ್ತದೆ. ಆದರೆ ಹೆಚ್ಚಿನ ಸಲ ಅದು ಆಲಿವ್ ಕಹಿ ಅಲ್ಲ, ಎಣ್ಣೆಯ ಕಹಿ. ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯಲ್ಲಿ ಪಾಲಿಫಿನಾಲ್ ಅನ್ನುವ ಕಹಿ ಅಂಶಗಳಿವೆ. ಚಮಚದಲ್ಲಿ ಕುಡಿದರೆ ಗಂಟಲಲ್ಲಿ ಸಣ್ಣ ಖಾರ ಹತ್ತುವುದು ಅವುಗಳಿಂದಲೇ. ಬ್ಲೇಡು ಜೋರಾಗಿ ತಿರುಗಿದಾಗ ಎಣ್ಣೆ ಬಹಳ ಸಣ್ಣ ಹನಿಗಳಾಗಿ ಒಡೆಯುತ್ತದೆ, ಆ ಕಹಿ ನಾಲಿಗೆಗೆ ನೇರ ತಾಗುತ್ತದೆ. ಆದ್ದರಿಂದ ಎಣ್ಣೆ ಮಾತ್ರ ಮಿಕ್ಸಿಗೆ ಹಾಕಬೇಡಿ. ಉಳಿದದ್ದನ್ನು ತರಿತರಿ ಮಾಡಿ ಬಟ್ಟಲಿಗೆ ತೆಗೆದು, ಎಣ್ಣೆಯನ್ನು ಚಮಚದಲ್ಲಿ ಕಲಸಿ.

ಮಿಕ್ಸಿ ಬಳಸಿದರೂ ಬಿಟ್ಟು ಬಿಟ್ಟು ತಿರುಗಿಸಿ. ಒಂದು ಸೆಕೆಂಡ್, ನಿಲ್ಲಿಸಿ, ಬದಿ ಕೆರೆದು ಮತ್ತೆ ಒಂದು ಸೆಕೆಂಡ್. ಐದಾರು ಸಲ ಸಾಕು. ಸಣ್ಣ ಜಾರ್ ಇದ್ದರೆ ಒಳ್ಳೆಯದು, ದೊಡ್ಡದರಲ್ಲಿ ಆಲಿವ್ ಗೋಡೆಗೆ ಅಂಟಿಕೊಂಡು ಬ್ಲೇಡಿಗೆ ಸಿಗುವುದಿಲ್ಲ.

ನನ್ನನ್ನು ಕೇಳಿದರೆ ಕಲ್ಲಿನ ಕುಟ್ಟಾಣಿಯೇ ಮೇಲು. ಮೊದಲು ಬೆಳ್ಳುಳ್ಳಿ, ಥೈಮ್, ಆಂಚೊವಿ ಮೂರನ್ನೂ ನುಣ್ಣಗೆ ಜಜ್ಜಿ. ಆಮೇಲೆ ಕೇಪರ್ಸ್. ಕೊನೆಗೆ ಆಲಿವ್, ಸ್ವಲ್ಪ ಸ್ವಲ್ಪವೇ. ಬೆಳ್ಳುಳ್ಳಿ ಹೀಗೆ ಮೊದಲೇ ಪೂರ್ತಿ ಅರೆದುಹೋದರೆ ಯಾರ ಬಾಯಿಗೂ ಹಸಿ ಚೂರು ಸಿಗುವುದಿಲ್ಲ. ಆಲಿವ್ ಜಜ್ಜಿದರೆ ಸಾಕು, ನುಣ್ಣಗಾಗಬಾರದು. ಸ್ವಲ್ಪ ತಿರುಳು ಹಲ್ಲಿಗೆ ಸಿಕ್ಕಬೇಕು.

ಚಾಕುಮಣೆ

ಚಾಕುವಿನಲ್ಲೇ ಮಾಡುವವನು ನಾನು. ಕುಟ್ಟಾಣಿಯಲ್ಲಿ ಎಷ್ಟೇ ಜೋಪಾನ ಮಾಡಿದರೂ ಪೇಸ್ಟ್ ಆಗುತ್ತದೆ. ಮಣೆಯ ಮೇಲೆ ಎಲ್ಲ ಒಟ್ಟಿಗೆ ಹಾಕಿ ಅಡ್ಡ ಉದ್ದ ಕತ್ತರಿಸುತ್ತಾ ಹೋದರೆ ಚೂರು ಚೂರಾಗಿ ನಿಲ್ಲುತ್ತದೆ, ಕೇಪರ್ಸ್ ಎಲ್ಲಿ, ಆಲಿವ್ ಎಲ್ಲಿ ಅಂತ ಬಾಯಿಗೆ ಬೇರೆ ಬೇರೆ ಗೊತ್ತಾಗುತ್ತದೆ. ಹತ್ತು ನಿಮಿಷದ ಕೆಲಸ.

ಕುಟ್ಟಾಣಿ

ಚೂರಾಗಿದ್ದರೆ ಬ್ರೆಡ್ ಮೇಲೆ ನಿಲ್ಲುವುದಿಲ್ಲವಲ್ಲ. ಕಚ್ಚಿದಾಗ ಅರ್ಧ ಬಟ್ಟೆಯ ಮೇಲೆ ಬೀಳುತ್ತದೆ. ನಿಂತುಕೊಂಡು ತಿನ್ನುವ ಅತಿಥಿಗಳಿಗೆ ಅದು ಕಷ್ಟ.

ಚಾಕುಮಣೆ

ಅದಕ್ಕೆ ಉಪಾಯ ಇದೆ. ಕತ್ತರಿಸಿದ್ದರಲ್ಲಿ ಮೂರನೇ ಒಂದು ಭಾಗವನ್ನು ಚಾಕುವಿನ ಅಗಲದಿಂದ ಮಣೆಗೆ ಒತ್ತಿ ಉಜ್ಜಿ, ಉಳಿದದ್ದಕ್ಕೆ ಕಲಸಿ. ಅಂಟು ಬರುತ್ತದೆ, ಚೂರೂ ಉಳಿಯುತ್ತದೆ.

ಕುಟ್ಟಾಣಿ

ಇದು ಒಳ್ಳೆಯ ಉಪಾಯ. ಮುಂದಿನ ಸಲ ಮಾಡಿ ನೋಡುತ್ತೇನೆ.

ಹೊಸಬ

ಹಸಿರು ಆಲಿವ್‌ನಲ್ಲಿ ಮಾಡಬಹುದಾ? ನನಗೆ ಕಪ್ಪು ಅಷ್ಟು ಸೇರುವುದಿಲ್ಲ.

ಹಸಿರೆಲೆ

ಖಂಡಿತ. ಪ್ರೊವಾನ್ಸಿನಲ್ಲೂ ಹಸಿರು ಟಾಪನಾಡ್ ಮಾಡುತ್ತಾರೆ. ಪಿಶೋಲಿನ್ ತಳಿ ಸಿಕ್ಕರೆ ಒಳ್ಳೆಯದು, ಗಟ್ಟಿ ಮತ್ತು ಹುಳಿ. ಸಿಸಿಲಿಯ ಕಾಸ್ಟೆಲ್‌ವೆತ್ರಾನೊ ಇನ್ನೂ ಸೌಮ್ಯ, ಬೆಣ್ಣೆಯ ಹಾಗೆ ಮೆತ್ತಗೆ. ಹಸಿರಿಗೆ ಬಾದಾಮಿ ಚೆನ್ನಾಗಿ ಹೊಂದುತ್ತದೆ. 200 ಗ್ರಾಂ ಆಲಿವ್‌ಗೆ 40 ಗ್ರಾಂ, ಸಿಪ್ಪೆ ಸುಲಿದು ಒರಟಾಗಿ ಕುಟ್ಟಿ ಹಾಕಿ. ಥೈಮ್ ಬದಲು ತುಳಸಿಯ ಜಾತಿಯ ಬೇಸಿಲ್ ಎಲೆ. ಬೇಸಿಲ್ ಬೇಗ ಕಪ್ಪಾಗುತ್ತದೆ, ಬಡಿಸುವ ಹೊತ್ತಿಗೆ ಹರಿದು ಸೇರಿಸಿ.

ಹಳೇಪಾಕ

ಹಸಿರು ಕಪ್ಪು ಎರಡನ್ನೂ ಬೆರೆಸುವುದು ಹೊಸದೇನಲ್ಲ. ಕ್ರಿ.ಪೂ. 2ನೇ ಶತಮಾನದಲ್ಲಿ ರೋಮಿನ ಕ್ಯಾಟೊ ಬೇಸಾಯದ ಬಗ್ಗೆ ಬರೆಯುವಾಗ ಎಪಿಟೀರಂ ಅನ್ನುವ ಆಲಿವ್ ಮಿಶ್ರಣವನ್ನು ಹೇಳುತ್ತಾನೆ. ಹಸಿರು, ಕಪ್ಪು, ನಡುವಿನ ಬಣ್ಣದ ಆಲಿವ್, ಬೀಜ ತೆಗೆದು ಕತ್ತರಿಸಿ, ಎಣ್ಣೆ, ವಿನೆಗರ್, ಕೊತ್ತಂಬರಿ, ಜೀರಿಗೆ, ಸೋಂಪು, ಪುದೀನ ಹಾಕಿ ಮಣ್ಣಿನ ಪಾತ್ರೆಯಲ್ಲಿಟ್ಟು ಮೇಲೆ ಎಣ್ಣೆ ತುಂಬಿಸಬೇಕು ಅಂತ. ಕೇಪರ್ಸ್ ಇಲ್ಲ, ಮೀನೂ ಇಲ್ಲ. ಮೀನು ಬಿಟ್ಟು ಮಾಡುವ ನಡುಮನೆಯವರಿಗೆ ಎರಡು ಸಾವಿರ ವರ್ಷದ ಬೆಂಬಲ ಇದೆ.

ನಡುಮನೆ

ಇದು ಗೊತ್ತಿರಲಿಲ್ಲ, ಓದಿ ಖುಷಿಯಾಯಿತು. ಸೋಂಪು ಒಂದು ಚಿಟಿಕೆ ಹಾಕಿ ನೋಡಬೇಕು ಅನ್ನಿಸುತ್ತಿದೆ.

ಬೆಳ್ಳಿತಟ್ಟೆ

ಬಡಿಸುವುದು ಹೇಗೆ? ಬ್ರೆಡ್ ಮೇಲೆ ಮೊದಲೇ ಹಚ್ಚಿಡಲಾ?

ಮೆಣಸುಕಾಳು

ಬೇಡ. ಅರ್ಧ ಗಂಟೆಯಲ್ಲಿ ಬ್ರೆಡ್ ಮೆತ್ತಗಾಗುತ್ತದೆ. ಬಾಗೆಟ್ ಥರದ ಉದ್ದ ಬ್ರೆಡ್ಡನ್ನು ಒಂದು ಸೆಂಟಿಮೀಟರ್ ದಪ್ಪಕ್ಕೆ ಕೊಯ್ದು, ಎಣ್ಣೆ ಸವರಿ, 180 ಡಿಗ್ರಿ ಓವನ್‌ನಲ್ಲಿ ಎಂಟು ಹತ್ತು ನಿಮಿಷ ಇಡಿ. ಅಂಚು ಹೊಂಬಣ್ಣ ಬಂದರೆ ತೆಗೆಯಿರಿ. ಪೂರ್ತಿ ಆರಿದ ಮೇಲೇ ಡಬ್ಬಿಗೆ ಹಾಕಿ, ಇಲ್ಲದಿದ್ದರೆ ಒಳಗೆ ಬೆವರುತ್ತದೆ. ಟಾಪನಾಡ್ ನಡುವೆ ಒಂದು ಬಟ್ಟಲಲ್ಲಿ, ಬ್ರೆಡ್ ಸುತ್ತ. ಬೇಕಾದವರು ಹಚ್ಚಿಕೊಳ್ಳಲಿ.

ಜೊತೆಗೆ ಉಪ್ಪಿಲ್ಲದ್ದು ಏನಾದರೂ ಇರಲಿ. ಸೌತೆಕಾಯಿ ಬಿಲ್ಲೆ, ಚೆರ್ರಿ ಟೊಮೆಟೊ, ಮೇಕೆ ಹಾಲಿನ ತಾಜಾ ಚೀಸ್. ಬೇಯಿಸಿದ ಮೊಟ್ಟೆ ಅರ್ಧ ಮಾಡಿ ಮೇಲೆ ಒಂದು ಚಮಚ ಇಟ್ಟರೆ ಹಳೇಪಾಕದವರು ಹೇಳಿದ ಮಾರ್ಸೇ ತಟ್ಟೆಗೂ ಹತ್ತಿರ ಬಂದ ಹಾಗೆ.

ಕುಟ್ಟಾಣಿ

ಫ್ರಿಜ್‌ನಿಂದ ನೇರ ತಂದು ಇಡಬೇಡಿ. ತಣ್ಣಗಿದ್ದರೆ ಘಮ ಏಳುವುದಿಲ್ಲ, ಎಣ್ಣೆಯೂ ಬಿಳಿ ಬಿಳಿಯಾಗಿ ಗಟ್ಟಿಯಾಗಿರುತ್ತದೆ. ಅದು ಕೆಟ್ಟದ್ದಲ್ಲ, ಆಲಿವ್ ಎಣ್ಣೆಯ ಗುಣವೇ ಅದು. ಅರ್ಧ ಗಂಟೆ ಹೊರಗಿಟ್ಟರೆ ತಿಳಿಯಾಗುತ್ತದೆ. ನಿಂಬೆರಸವನ್ನು ಆಗಲೇ ಹಾಕಿ ಕಲಸಿ, ರುಚಿ ನೋಡಿ. ಹಿಂದಿನ ದಿನ ಮಾಡಿದ್ದರಲ್ಲಿ ಉಪ್ಪು, ಬೆಳ್ಳುಳ್ಳಿ ಎರಡೂ ಮರುದಿನಕ್ಕೆ ಬೆರೆತು ಬೇರೆಯೇ ಹದಕ್ಕೆ ಬಂದಿರುತ್ತವೆ.

ಹೊಸಬ

ಉಳಿದದ್ದನ್ನು ಬಾಟಲಿಗೆ ತುಂಬಿ, ಮೇಲೆ ಎಣ್ಣೆ ಹಾಕಿ ಅಡುಗೆಮನೆಯ ಕಪಾಟಿನಲ್ಲಿ ಇಡಬಹುದಾ? ಎಣ್ಣೆ ಇದ್ದರೆ ಕೆಡುವುದಿಲ್ಲ ಅನ್ನುತ್ತಾರಲ್ಲ.

ನಡುಮನೆ

ದಯವಿಟ್ಟು ಹಾಗೆ ಮಾಡಬೇಡಿ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಅದಕ್ಕೆ ಬೂಷ್ಟು ಬರುವುದಿಲ್ಲ. ಆದರೆ ಗಾಳಿ ಇಲ್ಲದ ಕಡೆಯೇ ಬೆಳೆಯುವ ಬ್ಯಾಕ್ಟೀರಿಯಾ ಒಂದಿದೆ, ಕ್ಲಾಸ್ಟ್ರಿಡಿಯಂ ಬಾಟುಲಿನಂ. ಅದರ ಬೀಜಕಣಗಳು ಮಣ್ಣಿನಲ್ಲಿರುತ್ತವೆ, ಬೆಳ್ಳುಳ್ಳಿಯ ಜೊತೆ ಬರಬಹುದು. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ ಅದು ವಿಷ ಉತ್ಪತ್ತಿ ಮಾಡಬಲ್ಲದು. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಗೊತ್ತಾಗದೇ ಇರಬಹುದು, ಜೀವಕ್ಕೇ ಅಪಾಯ. ಟಾಪನಾಡ್‌ನಲ್ಲಿ ಉಪ್ಪು ಹುಳಿ ಇದೆ ನಿಜ, ಆದರೆ ನಾವು ನೆನೆಸಿ ಉಪ್ಪು ಇಳಿಸಿದ್ದೇವೆ. ಮನೆಯಲ್ಲಿ ಅಳೆದು ನೋಡದೆ ಅದನ್ನು ನಂಬಿ ಕೂರಬಾರದು.

ಮಾಡಿದ ತಕ್ಷಣ ಫ್ರಿಜ್‌ಗೆ. ಹಸಿ ಬೆಳ್ಳುಳ್ಳಿ ಇದ್ದರೆ ನಾಲ್ಕು ದಿನದೊಳಗೆ ಮುಗಿಸಿ. ಮೇಜಿನ ಮೇಲೆ ಎರಡು ಗಂಟೆಗಿಂತ ಜಾಸ್ತಿ ಇದ್ದದ್ದನ್ನು ಮತ್ತೆ ಎತ್ತಿಡಬೇಡಿ. ಅದಕ್ಕೆ ಒಂದೇ ಸಲ ಎಲ್ಲ ಹೊರಗಿಡದೆ, ಸಣ್ಣ ಬಟ್ಟಲಲ್ಲಿಟ್ಟು ಖಾಲಿಯಾದ ಹಾಗೆ ತುಂಬಿಸುತ್ತಾ ಹೋಗಿ.

ಚಾಕುಮಣೆ

ಜಾಸ್ತಿ ದಿನ ಬೇಕಿದ್ದರೆ ಐಸ್ ಟ್ರೇಯಲ್ಲಿ ಹಾಕಿ ಫ್ರೀಜರ್‌ಗಿಡಿ. ಗಟ್ಟಿಯಾದ ಮೇಲೆ ತುಂಡುಗಳನ್ನು ಚೀಲಕ್ಕೆ ವರ್ಗಾಯಿಸಿ, ಎರಡು ಮೂರು ತಿಂಗಳು ರುಚಿ ಚೆನ್ನಾಗಿರುತ್ತದೆ. ಕರಗಿಸುವುದು ಫ್ರಿಜ್‌ನಲ್ಲೇ ಆಗಲಿ. ಕರಗಿದ ಮೇಲೆ ಸ್ವಲ್ಪ ನೀರು ಬಿಡುತ್ತದೆ, ಹಾಗಾಗಿ ಅತಿಥಿಗಳ ಮುಂದೆ ಇಡುವುದಕ್ಕಿಂತ ಪಾಸ್ತಾಗೆ ಬಳಸಿ. ಪಾಸ್ತಾ ಬೇಯಿಸಿದ ನೀರು ಎರಡು ಚಮಚ ಹಾಕಿ ಸಡಿಲ ಮಾಡಿಕೊಂಡರೆ ಸಾಸ್ ಆಗುತ್ತದೆ. ಆ ದಿನ ಪಾಸ್ತಾ ನೀರಿಗೆ ಉಪ್ಪು ಅರ್ಧ ಹಾಕಿ.

ಬೆಳ್ಳಿತಟ್ಟೆ

ಎಲ್ಲ ಬರೆದುಕೊಂಡೆ. ಕಲಮಾಟ 500 ಗ್ರಾಂ ತರುತ್ತೇನೆ, ಬೀಜ ಇರುವುದು. ಕೇಪರ್ಸ್ ಉಪ್ಪಿನಲ್ಲಿರುವುದು ಸಿಕ್ಕರೆ ಅದೇ. ಎರಡು ಬಟ್ಟಲಿಗೂ ಗುರುತಿನ ಚೀಟಿ ಇಡುತ್ತೇನೆ. ಇನ್ನೊಂದು ಸಣ್ಣ ಪ್ರಶ್ನೆ: ಎರಡು ಬಟ್ಟಲೂ ಒಂದೇ ಬಣ್ಣ ಇರುತ್ತದೆ, ಚೀಟಿ ಅತ್ತಿತ್ತ ಆದರೆ?

ನಡುಮನೆ

ಮೀನಿಲ್ಲದ್ದರ ಮೇಲೆ ಒಂದು ಇಡೀ ಆಲಿವ್ ಮತ್ತು ಥೈಮ್ ಕಡ್ಡಿ ಇಡಿ. ಆಂಚೊವಿ ಇರುವುದರ ಮೇಲೆ ಒಂದು ಆಂಚೊವಿ ಎಳೆಯನ್ನೇ ಸುತ್ತಿ ಇಡಿ. ನೋಡಿದ ಕೂಡಲೇ ಗೊತ್ತಾಗುತ್ತದೆ. ಎರಡನ್ನೂ ಒಂದೇ ತಟ್ಟೆಯಲ್ಲಿ ಇಡಬೇಡಿ, ಮೇಜಿನ ಎರಡು ತುದಿಯಲ್ಲಿಡಿ. ಚಮಚ ಅದಲು ಬದಲಾಗುವುದು ಪಕ್ಕಪಕ್ಕ ಇದ್ದಾಗಲೇ.